ಕ್ಲಾರಾ ಶೂಮನ್: ಪದೇ ಪದೇ ಕೇಳುವ ಪ್ರಶ್ನೆಗಳು

ಶೂಮನ್ ಅಂದ ಕೂಡಲೇ ಜಾಸ್ತಿ ಜನಕ್ಕೆ ನೆನಪಾಗುವುದು ಸಂಯೋಜಕ ರಾಬರ್ಟ್ ಶೂಮನ್. ಆದರೆ ಅವರಿಬ್ಬರೂ ಬದುಕಿದ್ದಾಗ ಪರಿಸ್ಥಿತಿ ಬೇರೆ ಇತ್ತು. ಯುರೋಪಿನ ಊರೂರಲ್ಲಿ ಜನ ಟಿಕೆಟ್ ಕೊಂಡು ಕೇಳುತ್ತಿದ್ದದ್ದು ಹೆಂಡತಿ ಕ್ಲಾರಾ ಅವರನ್ನು. ಪಾಶ್ಚಾತ್ಯ ಸಂಗೀತ ಕೇಳಲು ಶುರುಮಾಡಿದ ಗೆಳೆಯರು ಅವರ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಕ್ಲಾರಾ ಶೂಮನ್ ಯಾರು? ಚುಟುಕಾಗಿ ಹೇಳಿ.

ಪಿಯಾನೋ ಕಲಾವಿದೆ, ಸಂಯೋಜಕಿ, ಗುರು. 1819ರ ಸೆಪ್ಟೆಂಬರ್ 13ರಂದು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹುಟ್ಟಿದರು. 1896ರ ಮೇ 20ರಂದು ಫ್ರಾಂಕ್‌ಫರ್ಟ್‌ನಲ್ಲಿ ತೀರಿಕೊಂಡರು. ಒಂಬತ್ತನೇ ವಯಸ್ಸಿಗೆ ವೇದಿಕೆ ಹತ್ತಿದವರು ಇಳಿದದ್ದು ಎಪ್ಪತ್ತೊಂದನೇ ವಯಸ್ಸಿಗೆ. ನಡುವೆ ಸುಮಾರು 1300 ಕಛೇರಿಗಳು. ಅವುಗಳ ಅಚ್ಚಾದ ಕಾರ್ಯಕ್ರಮ ಪಟ್ಟಿಗಳನ್ನು ಒಂದೊಂದಾಗಿ ಜೋಡಿಸಿ ಇಟ್ಟಿದ್ದರು. ಅವು ಈಗಲೂ ತ್ಸ್ವಿಕಾವ್ ಊರಿನ ಶೂಮನ್ ಮನೆಯಲ್ಲಿವೆ.

ನಾಲ್ಕು ವರ್ಷದವರೆಗೆ ಅವರಿಗೆ ಮಾತೇ ಬಂದಿರಲಿಲ್ಲ ಅನ್ನುತ್ತಾರೆ. ನಿಜವಾ?

ನಿಜ. ಮಗುವಿಗೆ ಕಿವಿ ಕೇಳಿಸುವುದಿಲ್ಲವೇನೋ ಅಂತಲೂ ಮನೆಯವರು ಅಂದುಕೊಂಡಿದ್ದರು. ಮನೆಯೂ ಸುಖದ ಮನೆಯಾಗಿರಲಿಲ್ಲ. ತಂದೆ ಫ್ರೀಡ್ರಿಕ್ ವೀಕ್ ಪಿಯಾನೋ ಮೇಷ್ಟ್ರು, ಪಿಯಾನೋ ಮಾರುತ್ತಲೂ ಇದ್ದರು. ತಾಯಿ ಮರಿಯಾನ್ ಹಾಡುತ್ತಿದ್ದರು, ಪಿಯಾನೋ ನುಡಿಸುತ್ತಿದ್ದರು. ಇಬ್ಬರಿಗೂ ಹೊಂದಲಿಲ್ಲ, ಬೇರೆಯಾದರು. ಆಗಿನ ಸ್ಯಾಕ್ಸನಿಯ ಕಾನೂನಿನಲ್ಲಿ ಮಕ್ಕಳು ಅಪ್ಪನ ಸೊತ್ತು. ಹಾಗಾಗಿ ಐದು ವರ್ಷ ತುಂಬುವ ಹೊತ್ತಿಗೆ ಕ್ಲಾರಾ ಅಮ್ಮನನ್ನು ಬಿಟ್ಟು ಅಪ್ಪನ ಮನೆಗೆ ಬರಬೇಕಾಯಿತು. ಮಾತು ತಡವಾಗಿ ಬಂದ ಆ ಮಗುವಿಗೆ ಪಿಯಾನೋ ಮಾತ್ರ ಬೇಗ ಒಲಿಯಿತು.

ಅಪ್ಪ ಹೇಗೆ ಕಲಿಸಿದರು?

ಮೊದಲು ಕಿವಿ, ಆಮೇಲೆ ಕಾಗದ. ಸ್ವರಲಿಪಿ ಓದಿಸುವ ಮುಂಚೆಯೇ ಚಿಕ್ಕ ಚಿಕ್ಕ ತುಣುಕುಗಳನ್ನು ಕೇಳಿಸಿ, ಕೈಗೆ ಕೂರಿಸಿದರು. ದಿನಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಸಾಧನೆ, ಜೊತೆಗೆ ದಿನವೂ ಉದ್ದದ ನಡಿಗೆ. ಪಿಯಾನೋ ಹಾಡಬೇಕು, ಕೀಲಿಗಳನ್ನು ಕುಟ್ಟಬಾರದು ಅನ್ನುವುದು ವೀಕ್ ಅವರ ಹಟ. ಮಗಳ ನುಡಿಸಾಣಿಕೆಯಲ್ಲಿ ಕೊನೆಯವರೆಗೂ ಉಳಿದದ್ದು ಈ ಪಾಠವೇ.

ಒಂದು ಸಂಗತಿ ಮಾತ್ರ ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಕ್ಲಾರಾ ಹೆಸರಿನಲ್ಲಿ ಒಂದು ದಿನಚರಿ ಇತ್ತು. ಮೊದಲ ವರ್ಷಗಳಲ್ಲಿ ಅದನ್ನು ಬರೆದದ್ದು ಅಪ್ಪ. ಅದೂ ‘ನಾನು’ ಅಂತ, ಮಗಳೇ ಬರೆದಂತೆ. ‘ನನ್ನ ಅಪ್ಪ’ ಅಂತ ತನ್ನ ಬಗ್ಗೆಯೇ ಬರೆದುಕೊಳ್ಳುತ್ತಿದ್ದರು. ಹುಡುಗಿಯ ಬೆರಳು, ಹೊತ್ತು, ದುಡ್ಡು ಎಲ್ಲ ಅವರ ಕೈಯಲ್ಲಿತ್ತು, ‘ನಾನು’ ಅನ್ನುವ ಮಾತೂ ಅವರದೇ ಆಗಿತ್ತು.

ಮೊದಲ ಕಛೇರಿ ಯಾವಾಗ?

1828ರ ಅಕ್ಟೋಬರ್ 20ರಂದು, ಲೈಪ್‌ಜಿಗ್‌ನ ಹೆಸರಾಂತ ಗೆವಾಂಡ್‌ಹೌಸ್ ಸಭಾಂಗಣದಲ್ಲಿ. ಅದು ಬೇರೆಯವರ ಕಾರ್ಯಕ್ರಮದಲ್ಲಿ ಸಿಕ್ಕ ಒಂದು ಅವಕಾಶ. 1830ರ ನವೆಂಬರ್‌ನಲ್ಲಿ ಅದೇ ಜಾಗದಲ್ಲಿ ಅವಳದೇ ಕಛೇರಿ ಆಯಿತು. ಆಗ ಹನ್ನೊಂದು ವರ್ಷ. ಮರುವರ್ಷ ಪ್ಯಾರಿಸ್‌ಗೆ ಹೊರಟ ದಾರಿಯಲ್ಲಿ ವೈಮಾರ್‌ನಲ್ಲಿ ಮುದಿಕವಿ ಗಯಟೆ ಅವಳನ್ನು ಕೇಳಿ, ತನ್ನ ಚಿತ್ರ ಇರುವ ಪದಕವೊಂದನ್ನು ಕೊಟ್ಟರು. ಪೋಲೆಂಡಿನ ನೃತ್ಯದ ಧಾಟಿಯ ನಾಲ್ಕು ಪೊಲೊನೇಸ್‌ಗಳ ಮೊದಲ ಕೃತಿ ಅಚ್ಚಾದದ್ದೂ 1831ರಲ್ಲೇ.

ಹದಿಹರೆಯದಲ್ಲೇ ಕನ್ಸರ್ಟೊ ಬರೆದದ್ದು ಹೌದಾ?

ಹೌದು. ಕನ್ಸರ್ಟೊ ಅಂದರೆ ಒಂದು ವಾದ್ಯ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸುವ ದೊಡ್ಡ ಕೃತಿ. ಇದು ಎ ಮೈನರ್ ಪಿಯಾನೋ ಕನ್ಸರ್ಟೊ, ಆಪಸ್ (ಕೃತಿ ಸಂಖ್ಯೆ) 7. ಶುರುಮಾಡಿದಾಗ ಹದಿಮೂರು ವರ್ಷ. 1835ರ ನವೆಂಬರ್ 9ರಂದು ಗೆವಾಂಡ್‌ಹೌಸ್‌ನಲ್ಲಿ ಮೊದಲ ಸಲ ಪೂರ್ತಿ ನುಡಿಸಿದಾಗ ಹದಿನಾರು. ಆರ್ಕೆಸ್ಟ್ರಾ ನಡೆಸಿದವರು ಸಂಯೋಜಕ ಮೆಂಡೆಲ್ಸನ್. ಕೊನೆಯ ಭಾಗವನ್ನು ಕ್ಲಾರಾ ಮೊದಲು ಬರೆದಿದ್ದಳು, ಅದಕ್ಕೆ ಆರ್ಕೆಸ್ಟ್ರಾ ಕೂರಿಸುವಾಗ ರಾಬರ್ಟ್ ನೆರವಾಗಿದ್ದರು.

ಇದರ ನಡುವಿನ ಭಾಗವನ್ನು ತಪ್ಪದೆ ಕೇಳಿ. ಇಡೀ ಆರ್ಕೆಸ್ಟ್ರಾ ಬಾಯಿ ಮುಚ್ಚಿ ಕೂರುತ್ತದೆ. ಪಿಯಾನೋ ಒಂದೇ ಮೆಲ್ಲಗೆ ಒಂದು ರಾಗ ಹಿಡಿಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಒಂದೇ ಒಂದು ಚೆಲ್ಲೊ (ದೊಡ್ಡ ವಯೊಲಿನ್ ಥರದ ವಾದ್ಯ) ಬಂದು ಆ ರಾಗವನ್ನು ಕೈಗೆತ್ತಿಕೊಳ್ಳುತ್ತದೆ. ಪಿಯಾನೋ ಪಕ್ಕಕ್ಕೆ ಸರಿದು ಅದಕ್ಕೆ ಒತ್ತಾಸೆಯಾಗುತ್ತದೆ. ಕೊನೆಗೆ ದೂರದಲ್ಲಿ ಗುಡುಗಿದ ಹಾಗೆ ಟಿಂಪನಿ ಅನ್ನುವ ದೊಡ್ಡ ನಗಾರಿಯ ಮೊರೆತ. ಅಲ್ಲಿಂದ ನಿಲ್ಲದೆ ಮುಂದಿನ ಭಾಗ. ಅಷ್ಟು ದೊಡ್ಡ ವಾದ್ಯಮೇಳ ಕೈಯಲ್ಲಿದ್ದರೂ ಎಲ್ಲರನ್ನೂ ಸುಮ್ಮನಿರಿಸುವ ಧೈರ್ಯ ಆ ಹುಡುಗಿಗೆ ಎಲ್ಲಿಂದ ಬಂತು ಅಂತ ಬೆರಗಾಗುತ್ತದೆ.

ವಿಯೆನ್ನಾದಲ್ಲಿ ಅವರ ಹೆಸರಿನ ಕೇಕ್ ಮಾರುತ್ತಿದ್ದರಂತೆ?

ಹೌದು, ‘ವೀಕ್ ಟಾರ್ಟ್’ ಅಂತ. 1837–38ರ ಚಳಿಗಾಲದಲ್ಲಿ ವಿಯೆನ್ನಾ ಅವರಿಗೆ ಮರುಳಾಗಿತ್ತು. ಬೀಥೋವನ್ನರ ‘ಅಪಾಸಿಯೊನಾಟಾ’ ಸೊನಾಟಾ ನುಡಿಸಿದ್ದನ್ನು ಕೇಳಿ ಕವಿ ಗ್ರಿಲ್‌ಪಾರ್ಟ್‌ಸರ್ ಕವಿತೆಯನ್ನೇ ಬರೆದರು. 1838ರ ಮಾರ್ಚ್‌ನಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಆಸ್ಥಾನ ಕಲಾವಿದೆ ಅನ್ನುವ ಬಿರುದು ಕೊಟ್ಟರು. ಹದಿನೆಂಟು ವರ್ಷದ ಹುಡುಗಿ, ಅದೂ ಹೊರದೇಶದವಳು. ಅದು ಸಣ್ಣ ಮಾತಲ್ಲ.

ಮದುವೆಗೆ ಕೋರ್ಟ್ ಮೆಟ್ಟಿಲು ಹತ್ತಿದ್ದು ಯಾಕೆ?

ರಾಬರ್ಟ್ 1830ರಲ್ಲಿ ವೀಕ್ ಅವರ ಶಿಷ್ಯರಾಗಿ ಬಂದು ಆ ಮನೆಯಲ್ಲೇ ಉಳಿದುಕೊಂಡಿದ್ದರು. ಕ್ಲಾರಾಗಿಂತ ಒಂಬತ್ತು ವರ್ಷ ದೊಡ್ಡವರು. ಕೈಬೆರಳಿಗೆ ತೊಂದರೆಯಾಗಿ ಅವರು ಪಿಯಾನೋ ಕಲಾವಿದರಾಗುವ ಆಸೆ ಬಿಡಬೇಕಾಯಿತು, ಸಂಗೀತ ಬರೆಯಲು ಕೂತರು. ಇಬ್ಬರಲ್ಲಿ ಪ್ರೀತಿ ಬೆಳೆಯಿತು. 1837ರಲ್ಲಿ ರಾಬರ್ಟ್ ಹೆಣ್ಣು ಕೇಳಿದಾಗ ವೀಕ್ ಒಪ್ಪಲಿಲ್ಲ. ಅವರಿಬ್ಬರೂ ಭೇಟಿಯಾಗದಂತೆ, ಪತ್ರ ಬರೆಯದಂತೆ ನೋಡಿಕೊಂಡರು. ಗುಟ್ಟಾಗಿ ಪತ್ರಗಳು ಓಡಾಡಿದವು.

ಕೊನೆಗೆ 1839ರಲ್ಲಿ ಇಬ್ಬರೂ ಕೋರ್ಟಿಗೆ ಹೋದರು. ರಾಬರ್ಟ್ ಕುಡುಕ, ಸಂಸಾರ ಸಾಕಲಾರ ಅಂತ ವೀಕ್ ವಾದಿಸಿದರು. ಮಗಳು ಅಷ್ಟು ವರ್ಷ ದುಡಿದ ಹಣವನ್ನೂ ಕೊಡಲು ಒಪ್ಪಲಿಲ್ಲ. ಕೋರ್ಟ್ ಮದುವೆಗೆ ಅನುಮತಿ ಕೊಟ್ಟಿತು. 1840ರ ಸೆಪ್ಟೆಂಬರ್ 12ರಂದು, ಲೈಪ್‌ಜಿಗ್ ಪಕ್ಕದ ಶೋನೆಫೆಲ್ಡ್ ಚರ್ಚಿನಲ್ಲಿ ಮದುವೆ ಆಯಿತು. ಮರುದಿನ ಕ್ಲಾರಾಗೆ 21 ತುಂಬಿತು. ಮೂರು ವರ್ಷದ ಮೇಲೆ ಅಪ್ಪ ಮಗಳು ಮತ್ತೆ ಮಾತಾಡಿದರು.

ಮದುವೆಯ ನಂತರವೂ ನುಡಿಸಿದರಾ?

ನುಡಿಸಿದರು, ಆದರೆ ಕಷ್ಟಪಟ್ಟು. ಗೋಡೆಗಳು ತೆಳುವಾಗಿದ್ದವು. ರಾಬರ್ಟ್ ಬರೆಯುತ್ತಿದ್ದರೆ ಕ್ಲಾರಾ ಪಿಯಾನೋ ಮುಟ್ಟುವ ಹಾಗಿರಲಿಲ್ಲ. ಹೊಸ ಮದುವೆಯ ದಿನಗಳಲ್ಲೇ, ತನ್ನ ನುಡಿಸಾಣಿಕೆ ಹಿಂದೆ ಬೀಳುತ್ತಿದೆ ಅಂತ ಇಬ್ಬರೂ ಸೇರಿ ಬರೆಯುತ್ತಿದ್ದ ದಿನಚರಿಯಲ್ಲಿ ಬರೆದಿದ್ದಾರೆ. ಹದಿಮೂರು ವರ್ಷದಲ್ಲಿ ಎಂಟು ಹೆರಿಗೆ. ಆದರೂ 1844ರಲ್ಲಿ ತಿಂಗಳುಗಟ್ಟಲೆ ರಷ್ಯಾ ಪ್ರವಾಸ ಮಾಡಿ ಬಂದರು. ಸಂಸಾರಕ್ಕೆ ದುಡ್ಡು ಬೇಕಾದಾಗ ಕಛೇರಿಯೇ ದಾರಿ. ಪುಟಗಟ್ಟಲೆ ಸಂಗೀತ ಬರೆದರೂ ಒಂದು ಒಳ್ಳೆಯ ಪ್ರವಾಸದಷ್ಟು ಹಣ ಬರುತ್ತಿರಲಿಲ್ಲ.

ರಾಬರ್ಟ್ ಅಡ್ಡಗಾಲು ಹಾಕಿದರು ಅಂತ ಒಂದೇ ಮಾತಿನಲ್ಲಿ ಹೇಳುವುದು ತಪ್ಪಾಗುತ್ತದೆ. ಬರೆ ಬರೆ ಅಂತ ಅವರೇ ಒತ್ತಾಯಿಸುತ್ತಿದ್ದರು. ರ್‍ಯುಕರ್ಟ್ ಕವಿತೆಗಳ ಹನ್ನೆರಡು ಹಾಡುಗಳ ಒಂದು ಪುಸ್ತಕವನ್ನು ಇಬ್ಬರೂ ಸೇರಿ 1841ರಲ್ಲಿ ಹೊರತಂದರು. ಅದರಲ್ಲಿ ಮೂರು ಕ್ಲಾರಾ ಅವರದು.

1849ರ ಡ್ರೆಸ್ಡೆನ್ ಗಲಭೆಯ ಕಥೆ ಏನು?

ಆ ಮೇ ತಿಂಗಳಲ್ಲಿ ಡ್ರೆಸ್ಡೆನ್‌ನಲ್ಲಿ ಜನ ದಂಗೆ ಎದ್ದಿದ್ದರು. ಗಂಡಸರನ್ನು ಕಾವಲು ಪಡೆಗೆ ಸೇರಿಸಲು ಮನೆಮನೆಗೆ ಬರುತ್ತಿದ್ದರು. ರಾಬರ್ಟ್ ಅವರ ಆರೋಗ್ಯ, ಮನಸ್ಸು ಎರಡೂ ಆಗಲೇ ಹದಗೆಟ್ಟಿದ್ದವು. ಅವರು ಮನೆಯಲ್ಲಿಲ್ಲ ಅಂತ ಹೇಳಿ ಬಂದವರನ್ನು ಕಳಿಸಿದ ಕ್ಲಾರಾ, ಗಂಡನನ್ನೂ ದೊಡ್ಡ ಮಗಳು ಮರೀಯನ್ನೂ ಕರೆದುಕೊಂಡು ಹಿತ್ತಲ ಬಾಗಿಲಿಂದ ಊರು ಬಿಟ್ಟರು. ಚಿಕ್ಕ ಮಕ್ಕಳು ಮನೆಯಲ್ಲೇ ಉಳಿದಿದ್ದವು.

ಒಂದೆರಡು ದಿನ ಕಳೆದ ಮೇಲೆ, ಬೆಳಗಿನ ಜಾವ ಮೂರು ಗಂಟೆಗೆ ಕ್ಲಾರಾ ವಾಪಸ್ ಹೊರಟರು. ಆಗ ಏಳನೇ ತಿಂಗಳ ಬಸುರಿ. ಹೊಲಗಳನ್ನು ದಾಟಿ, ಗುಂಡಿನ ಸದ್ದು ಕೇಳಿಸುತ್ತಿದ್ದ ಊರೊಳಗೆ ನಡೆದರು. ಮಕ್ಕಳು ಹಾಸಿಗೆಯಲ್ಲಿ ಮಲಗಿದ್ದವು. ಎಬ್ಬಿಸಿ, ಬಟ್ಟೆ ತೊಡಿಸಿ, ಬೇಕಾದ ನಾಲ್ಕು ಸಾಮಾನು ಕಟ್ಟಿಕೊಂಡು ಮತ್ತೆ ನಡೆದೇ ಹೊರಬಂದರು. ವೇದಿಕೆಯ ಮೇಲೆ ಆಕೆ ಯಾಕೆ ಅಷ್ಟು ಗಟ್ಟಿಯಾಗಿ ಕೂರುತ್ತಿದ್ದರು ಅಂತ ನನಗೆ ಅರ್ಥವಾದದ್ದು ಈ ಒಂದು ರಾತ್ರಿಯ ಬಗ್ಗೆ ಓದಿದ ಮೇಲೆ.

ರಾಬರ್ಟ್ ಅವರಿಗೆ ಏನಾಯಿತು?

1850ರಲ್ಲಿ ಸಂಸಾರ ಡ್ಯುಸೆಲ್‌ಡಾರ್ಫ್‌ಗೆ ಬಂತು. 1854ರ ಫೆಬ್ರವರಿ 27ರಂದು ರಾಬರ್ಟ್ ರೈನ್ ನದಿಗೆ ಹಾರಿದರು. ಜನ ಎತ್ತಿ ಉಳಿಸಿದರು. ಅವರೇ ಕೇಳಿಕೊಂಡಂತೆ ಬಾನ್ ಪಕ್ಕದ ಎಂಡೆನಿಕ್ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಹೆಂಡತಿ ಬಂದರೆ ಮನಸ್ಸು ಕದಡುತ್ತದೆ ಅಂತ ವೈದ್ಯರು ಭೇಟಿಗೆ ಬಿಡಲಿಲ್ಲ. ಎರಡು ವರ್ಷಕ್ಕೂ ಜಾಸ್ತಿ! ಕೊನೆಯ ಮಗ ಫೆಲಿಕ್ಸ್ ಹುಟ್ಟಿದ್ದು ಆ ಜೂನ್‌ನಲ್ಲಿ. ಅಪ್ಪ ಅವನ ಮುಖ ನೋಡಲೇ ಇಲ್ಲ.

1856ರ ಜುಲೈ 27ರಂದು ಕ್ಲಾರಾ ಅವರನ್ನು ಒಳಗೆ ಬಿಟ್ಟರು. ರಾಬರ್ಟ್ ಗುರುತು ಹಿಡಿದರು, ಕಷ್ಟಪಟ್ಟು ಕೈ ಎತ್ತಿ ಬಳಸಿದರು. ಅವರು ತಿನ್ನುವುದು ಕುಡಿಯುವುದು ಬಹುತೇಕ ನಿಂತೇ ಹೋಗಿತ್ತು. ಕ್ಲಾರಾ ಬೆರಳಿಗೆ ವೈನ್ ಹಚ್ಚಿ ಕೊಟ್ಟಾಗ ಅದನ್ನು ಚೀಪಿದರು. 29ರಂದು ತೀರಿಕೊಂಡರು. ಆ ಗಳಿಗೆಯಲ್ಲಿ ಕ್ಲಾರಾ ಗೆಳೆಯ, ವಯೊಲಿನ್ ಕಲಾವಿದ ಯೋಆಖಿಮ್ ಅವರನ್ನು ಕರೆತರಲು ರೈಲು ನಿಲ್ದಾಣಕ್ಕೆ ಹೋಗಿದ್ದರು.

ಬ್ರಾಮ್ಸ್ ಮತ್ತು ಕ್ಲಾರಾ ನಡುವೆ ಪ್ರೀತಿ ಇತ್ತಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಇತ್ತು. ಸಂಯೋಜಕ ಬ್ರಾಮ್ಸ್ ಆಗಿನ ಪತ್ರಗಳಲ್ಲಿ ಅದನ್ನು ಬಚ್ಚಿಟ್ಟಿಲ್ಲ. 1853ರ ಶರತ್ಕಾಲದಲ್ಲಿ ಇಪ್ಪತ್ತು ವರ್ಷದ ಹುಡುಗನಾಗಿ ಶೂಮನ್ ಮನೆ ಬಾಗಿಲಿಗೆ ಬಂದವರು ಅವರು. ರಾಬರ್ಟ್ ಆಸ್ಪತ್ರೆ ಸೇರಿದಾಗ ಓಡಿ ಬಂದು ಜೊತೆಗೆ ನಿಂತರು. ಮಕ್ಕಳನ್ನು ಆಡಿಸಿದರು, ಮನೆಯ ಲೆಕ್ಕದ ಪುಸ್ತಕ ಬರೆದರು. ಕ್ಲಾರಾಗಿಂತ ಹದಿನಾಲ್ಕು ವರ್ಷ ಚಿಕ್ಕವರು. ರಾಬರ್ಟ್ ತೀರಿಕೊಂಡ ಮೇಲೆ ಇಬ್ಬರೂ ಮದುವೆಯಾಗಲಿಲ್ಲ. ಬೇರೆ ಬೇರೆ ಊರುಗಳಲ್ಲಿ ಬದುಕಿದರು, ಪತ್ರ ಬರೆದರು, ಜಗಳ ಆಡಿದರು, ರಾಜಿಯಾದರು. ಬ್ರಾಮ್ಸ್ ತಮ್ಮ ಹೊಸ ಕೃತಿಗಳನ್ನು ಮೊದಲು ಕ್ಲಾರಾಗೆ ಕಳಿಸುತ್ತಿದ್ದರು, ಆಕೆ ಮುಲಾಜಿಲ್ಲದೆ ಅಭಿಪ್ರಾಯ ಹೇಳುತ್ತಿದ್ದರು. ವಯಸ್ಸಾದ ಮೇಲೆ ಇಬ್ಬರೂ ಮಾತಾಡಿಕೊಂಡು ಎಷ್ಟೋ ಪತ್ರಗಳನ್ನು ನಾಶ ಮಾಡಿದರು. ಅವರೇ ಮುಚ್ಚಿದ ಬಾಗಿಲು ಅದು. ಒಳಗೆ ಇಣುಕಿ ಕಥೆ ಕಟ್ಟುವುದು ನನಗಂತೂ ಸರಿ ಅನ್ನಿಸುವುದಿಲ್ಲ.

ಕ್ಲಾರಾ ಸಂಯೋಜನೆ ಮಾಡುವುದನ್ನು ಯಾಕೆ ನಿಲ್ಲಿಸಿದರು?

ಹೆಂಗಸು ಸಂಯೋಜನೆಗೆ ಆಸೆಪಡಬಾರದು, ಇಲ್ಲಿಯವರೆಗೆ ಯಾರಿಗೂ ಆಗಿಲ್ಲ, ನನ್ನಿಂದ ಆಗುತ್ತದಾ ಅಂತ 1839ರಲ್ಲಿ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಈ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ ಆಗ ಅವರಿಗೆ ಬರೀ ಇಪ್ಪತ್ತು ವರ್ಷ. ಅವರ ಗಟ್ಟಿ ಕೃತಿಗಳು ಬಂದದ್ದು ಅದಾದ ಮೇಲೆ. 1846ರಲ್ಲಿ ಪಿಯಾನೋ, ವಯೊಲಿನ್, ಚೆಲ್ಲೊ ಮೂರಕ್ಕೆ ಬರೆದ ಜಿ ಮೈನರ್ ಪಿಯಾನೋ ಟ್ರಿಯೊ ಬಂತು. 1853ರ ಬೇಸಿಗೆಯಲ್ಲಿ, ಡ್ಯುಸೆಲ್‌ಡಾರ್ಫ್‌ನಲ್ಲಿ ದೊಡ್ಡ ಮನೆ ಸಿಕ್ಕಿ ಗಂಡನಿಗೆ ತೊಂದರೆಯಾಗದೆ ನುಡಿಸುವ ಕೋಣೆ ಸಿಕ್ಕ ಕೂಡಲೇ, ಒಂದರ ಹಿಂದೆ ಒಂದು ಕೃತಿ ಬಂದವು. ಒಂದು ಕೋಣೆ ಸಿಕ್ಕಿದ್ದಕ್ಕೆ!

ಟ್ರಿಯೊದ ಕೊನೆಯ ಭಾಗದಲ್ಲಿ ಫ್ಯೂಗ್ ರೀತಿಯ, ಅಂದರೆ ಒಂದೇ ರಾಗವನ್ನು ವಾದ್ಯಗಳು ಒಂದರ ಹಿಂದೆ ಒಂದು ಹಿಡಿದು ಹೆಣೆಯುವ, ಒಂದು ತುಣುಕು ಇದೆ. ಇಷ್ಟು ಗಟ್ಟಿಯಾದ, ಗಂಭೀರವಾದ ಸಂಗೀತವನ್ನು ಹೆಂಗಸೊಬ್ಬಳು ಬರೆದಿದ್ದಾಳೆ ಅಂತ ತಾನು ನಂಬದೆ ಹೋದಾಗ ಮೆಂಡೆಲ್ಸನ್ ನಕ್ಕುಬಿಟ್ಟಿದ್ದರು ಅಂತ ಯೋಆಖಿಮ್ ಮುಂದೆ ಕ್ಲಾರಾಗೇ ಪತ್ರ ಬರೆದು ಹೇಳಿದ್ದಾರೆ.

1854ರ ನಂತರ ಏಳು ಮಕ್ಕಳ ಅನ್ನ, ಬಟ್ಟೆ, ಶಾಲೆ, ಆಸ್ಪತ್ರೆಯ ಖರ್ಚು ಎಲ್ಲ ಅವರ ಹತ್ತು ಬೆರಳ ಮೇಲೆ ಬಿತ್ತು. ಸಹಾಯಕ್ಕಾಗಿ ಕಛೇರಿ ಮಾಡುತ್ತೇವೆ ಅಂದವರಿಗೆ ಬೇಡ ಅಂದರು. ಫೆಲಿಕ್ಸ್ ಹುಟ್ಟಿ ನಾಲ್ಕು ತಿಂಗಳಿಗೆ ಪ್ರವಾಸ ಹೊರಟರು. 1856ರ ಒಂದು ಬಿ ಮೈನರ್ ರೊಮಾನ್ಸ್ (ಹಾಡಿನಂಥ ಚಿಕ್ಕ ಕೃತಿ), ಆಮೇಲೆ ಅಲ್ಲೊಂದು ಇಲ್ಲೊಂದು. ಅಷ್ಟೇ. ಪ್ರತಿಭೆ ಬತ್ತಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹೊತ್ತು ಸಿಗಲಿಲ್ಲ.

ವೇದಿಕೆಯಲ್ಲಿ ಅವರು ತಂದ ಬದಲಾವಣೆ ಏನು?

ಇವತ್ತು ಪಿಯಾನೋ ಕಲಾವಿದರು ಕಾಗದ ಇಲ್ಲದೆ ನುಡಿಸುವುದು ಮಾಮೂಲು. ಆಗ ಹಾಗಿರಲಿಲ್ಲ. ಬಾಯಿಪಾಠದಿಂದ ನುಡಿಸಿದ ಮೊದಲಿಗರಲ್ಲಿ ಕ್ಲಾರಾ ಒಬ್ಬರು. ಅದನ್ನು ಜಂಬ ಅಂತ ಅಂದವರೂ ಇದ್ದರು. ಇನ್ನೊಂದು ಬದಲಾವಣೆ ಕಾರ್ಯಕ್ರಮದ್ದು. ಚಿಕ್ಕಂದಿನಲ್ಲಿ ಅವರೂ ಆ ಕಾಲದ ರೂಢಿಯಂತೆ ಬೆರಳ ಚಮತ್ಕಾರದ ತುಣುಕುಗಳನ್ನೇ ನುಡಿಸಿದ್ದರು. ಬರಬರುತ್ತಾ ಅದನ್ನು ಬಿಟ್ಟು ಬಾಖ್, ಬೀಥೋವನ್, ಶೋಪ್ಯಾಂ, ಮೆಂಡೆಲ್ಸನ್, ರಾಬರ್ಟ್ ಶೂಮನ್ ಹೀಗೆ ತೂಕದ ಕೃತಿಗಳನ್ನು ಜೋಡಿಸಿದರು. ಈಗಿನ ಪಿಯಾನೋ ಕಛೇರಿಯ ರೂಪ ಬಹಳಷ್ಟು ಅಲ್ಲಿಂದ ಬಂದದ್ದು.

ಒಂದು ಕೃತಿಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಅಲ್ಲೇ ಹೊಳೆದದ್ದನ್ನು ಚಿಕ್ಕದಾಗಿ ನುಡಿಸುತ್ತಿದ್ದರು. ನಮ್ಮ ಕಛೇರಿಯಲ್ಲಿ ಕೃತಿಗೆ ಮುಂಚೆ ಪುಟ್ಟ ಆಲಾಪನೆ ಮಾಡುತ್ತಾರಲ್ವಾ, ಹೆಚ್ಚುಕಡಿಮೆ ಹಾಗೆ. ತಮ್ಮ ಹೆಣ್ಣುಮಕ್ಕಳು ಒತ್ತಾಯಿಸಿದ್ದಕ್ಕೆ ಕೊನೆಗಾಲದಲ್ಲಿ ಕೆಲವನ್ನು ಬರೆದಿಟ್ಟರು.

ಅವರ ತೀರ್ಮಾನಗಳೆಲ್ಲ ಸರಿಯಿದ್ದವಾ?

ಇಲ್ಲ. ಪಿಯಾನೋ ಕಲಾವಿದ, ಸಂಯೋಜಕ ಲಿಸ್ಟ್ ಬೆರಳ ಸಾಧನೆಗೆ ಬರೆದ ತಮ್ಮ ಪಗನಿನಿ ಎಟ್ಯೂಡ್‌ಗಳನ್ನು ಕ್ಲಾರಾಗೇ ಅರ್ಪಿಸಿದ್ದರು. ಆದರೂ ಅವರ ಬಿ ಮೈನರ್ ಸೊನಾಟಾ ಕ್ಲಾರಾ ಕಿವಿಗೆ ಬರೀ ಗದ್ದಲ. ಇಂದು ಅದು ಪಿಯಾನೋದ ಅತಿ ದೊಡ್ಡ ಕೃತಿಗಳಲ್ಲೊಂದು. ಇನ್ನೂ ನೋವಾಗುವುದು ಬೇರೆ. ರಾಬರ್ಟ್ ಕೊನೆಗೆ ಬರೆದ ಚೆಲ್ಲೊ ರೊಮಾನ್ಸ್‌ಗಳನ್ನು 1893ರಲ್ಲಿ ಸುಟ್ಟುಬಿಟ್ಟರು. ಅವರ ವಯೊಲಿನ್ ಕನ್ಸರ್ಟೊವನ್ನು ಅಚ್ಚಿಗೆ ಕೊಡಲಿಲ್ಲ. ಅದನ್ನು ಜನ ಮೊದಲು ಕೇಳಿದ್ದು 1937ರಲ್ಲಿ. ಗಂಡನ ಹೆಸರಿಗೆ ಕುಂದು ಬರಬಾರದು ಅನ್ನುವ ಕಾಳಜಿ ಅರ್ಥವಾಗುತ್ತದೆ. ಆದರೂ ಸುಟ್ಟದ್ದು ಮತ್ತೆ ಬರುವುದಿಲ್ಲ. ರಾಬರ್ಟ್ ಅವರ ಸಮಗ್ರ ಕೃತಿಗಳನ್ನು ಹತ್ತಕ್ಕೂ ಜಾಸ್ತಿ ವರ್ಷ ಕೂತು ಸಂಪಾದಿಸಿದವರೂ ಇವರೇ ಅನ್ನುವುದನ್ನು ಮರೆಯಬಾರದು.

ಮಕ್ಕಳು ಏನಾದರು?

ಎಮಿಲ್ ಒಂದೇ ವರ್ಷದ ಕೂಸಾಗಿದ್ದಾಗ ತೀರಿಕೊಂಡ. ಯೂಲಿ 1872ರಲ್ಲಿ, ಫೆಲಿಕ್ಸ್ 1879ರಲ್ಲಿ, ಫರ್ಡಿನಾಂಡ್ 1891ರಲ್ಲಿ ಹೋದರು. ಲುಡ್ವಿಗ್ ಜೀವನದ ಬಹುಭಾಗ ಮಾನಸಿಕ ಆಸ್ಪತ್ರೆಯಲ್ಲಿ ಕಳೆದ. ನಾಲ್ಕು ಮಕ್ಕಳನ್ನು ಕಳೆದುಕೊಂಡ ತಾಯಿ ಅವರು. ಫರ್ಡಿನಾಂಡ್‌ನ ಮಕ್ಕಳ ಭಾರವನ್ನೂ ಹೊತ್ತರು. ಮರೀ ಮತ್ತು ಓಯ್ಗೆನೀ ಪಿಯಾನೋ ಪಾಠದಲ್ಲಿ ಅಮ್ಮನ ಬಲಗೈಯಾಗಿ ನಿಂತರು.

ಅವರು ಕಲಿಸುತ್ತಿದ್ದದ್ದು ಎಲ್ಲಿ?

1878ರಲ್ಲಿ ಫ್ರಾಂಕ್‌ಫರ್ಟ್‌ನ ಹೋಖ್ ಕನ್ಸರ್ವೇಟರಿ ಅನ್ನುವ ಸಂಗೀತ ಶಾಲೆ ಸೇರಿದರು. ಅಲ್ಲಿನ ಮೊದಲ ಮಹಿಳಾ ಶಿಕ್ಷಕಿ. 1892ರವರೆಗೆ ಕಲಿಸಿದರು. ಇಂಗ್ಲೆಂಡ್‌ನಿಂದ ಬಂದ ಫ್ಯಾನಿ ಡೇವಿಸ್, ಅಡೆಲಿನಾ ಡಿ ಲಾರಾ, ಲೆನರ್ಡ್ ಬಾರ್ವಿಕ್ ಇವರೆಲ್ಲ ಅವರ ಶಿಷ್ಯರು.

ಕೊನೆಯ ಕಛೇರಿ, ಕೊನೆಯ ದಿನಗಳು?

ಕೈನೋವು ಎಷ್ಟೋ ವರ್ಷದಿಂದ ಕಾಡುತ್ತಿತ್ತು. ಆಮೇಲೆ ಕಿವಿಯೂ ತೊಂದರೆ ಕೊಟ್ಟಿತು. 1891ರ ಮಾರ್ಚ್ 12ರಂದು ಫ್ರಾಂಕ್‌ಫರ್ಟ್‌ನಲ್ಲಿ ಕೊನೆಯ ಸಾರ್ವಜನಿಕ ಕಛೇರಿ. ನುಡಿಸಿದ್ದು ಬ್ರಾಮ್ಸ್ ಅವರ ಹೈಡನ್ ವೇರಿಯೇಷನ್ಸ್, ಎರಡು ಪಿಯಾನೋಗಳ ರೂಪದಲ್ಲಿ, ಪಿಯಾನೋ ಕಲಾವಿದ ಜೇಮ್ಸ್ ಕ್ವಾಸ್ಟ್ ಜೊತೆ. 1896ರಲ್ಲಿ ಪಾರ್ಶ್ವವಾಯು ಹೊಡೆಯಿತು. ಬಾನ್‌ನ ಹಳೆಯ ಸ್ಮಶಾನದಲ್ಲಿ ರಾಬರ್ಟ್ ಪಕ್ಕದಲ್ಲೇ ಮಣ್ಣು ಮಾಡಿದರು. ಸುದ್ದಿ ತಿಳಿದು ಹೊರಟ ಬ್ರಾಮ್ಸ್ ದಾರಿಯಲ್ಲಿ ರೈಲು ತಪ್ಪಿ, ಬಹಳ ತಡವಾಗಿ ಬಂದು ತಲುಪಿದರು. ಒಂದು ವರ್ಷ ತುಂಬುವ ಮೊದಲೇ ಅವರೂ ಹೋದರು.

ಜರ್ಮನಿಯ ನೋಟಿನ ಮೇಲೆ ಇದ್ದವರು ಇವರೇನಾ?

ಇವರೇ. 1990ರಿಂದ ಯೂರೋ ಬರುವವರೆಗೆ ಚಲಾವಣೆಯಲ್ಲಿದ್ದ ನೂರು ಮಾರ್ಕ್ ನೋಟಿನ ಮುಂದೆ ಕ್ಲಾರಾ ಮುಖ, ಹಿಂದೆ ಒಂದು ದೊಡ್ಡ ಪಿಯಾನೋ. ಆ ಮುಖ 1838ರ ಚಿತ್ರದ್ದು. ಅಂದರೆ ಮದುವೆಗೆ ಮುಂಚಿನ, ವಿಯೆನ್ನಾ ಗೆದ್ದ ಕ್ಲಾರಾ ವೀಕ್.

ಅವರು ನುಡಿಸಿದ್ದು ಈಗ ಕೇಳಲು ಸಿಗುತ್ತದಾ?

ಇಲ್ಲ. ಆದರೆ ಶಿಷ್ಯೆಯರ ಧ್ವನಿಮುದ್ರಣಗಳಿವೆ. ಫ್ಯಾನಿ ಡೇವಿಸ್ 1928ರಲ್ಲಿ ರಾಬರ್ಟ್ ಅವರ ಪಿಯಾನೋ ಕನ್ಸರ್ಟೊ ನುಡಿಸಿದ್ದು ಸಿಗುತ್ತದೆ. ಹಳೆಯ ತಟ್ಟೆಯ ಕರಕರ ಸದ್ದಿನ ಹಿಂದೆ, ಎಲ್ಲೂ ಕುಟ್ಟದ, ಹಾಡುವ ಪಿಯಾನೋ ಕೇಳಿಸುತ್ತದೆ.

ಕೇಳಲು ಎಲ್ಲಿಂದ ಶುರುಮಾಡಲಿ?

ವಯೊಲಿನ್ ಮತ್ತು ಪಿಯಾನೋಗೆ ಬರೆದ ಮೂರು ರೊಮಾನ್ಸ್‌ಗಳಿಂದ, ಆಪಸ್ 22. ಮೂರೂ ಸೇರಿ ಹತ್ತು ನಿಮಿಷದ ಆಸುಪಾಸು. 1853ರಲ್ಲಿ, ಆ ಕೋಣೆ ಸಿಕ್ಕ ಬೇಸಿಗೆಯಲ್ಲಿ ಬರೆದು ಯೋಆಖಿಮ್ ಅವರಿಗೆ ಅರ್ಪಿಸಿದ್ದು. ಆಮೇಲೆ ಟ್ರಿಯೊ ಕೇಳಿ, ಮುಖ್ಯವಾಗಿ ಮೂರನೇ ಭಾಗ. ಪಿಯಾನೋ ಮೊದಲು ಹಾಡಿ, ವಯೊಲಿನ್‌ಗೆ ಕೊಟ್ಟು, ಅದು ಕಡೆಗೆ ಚೆಲ್ಲೊ ಕೈಗೆ ಬರುತ್ತದೆ. ಕನ್ಸರ್ಟೊದಲ್ಲಿ ಕೇಳಿದ ಅದೇ ಚೆಲ್ಲೊ, ಹತ್ತು ವರ್ಷ ದೊಡ್ಡದಾಗಿ ಬಂದ ಹಾಗಿರುತ್ತದೆ.